ಮತಕ್ಕೆ ಹಾಕಿದರೆ ಕೆರೆಯ ನೀರು ಉಳಿದೀತೇ? ಗಣಿತದ ಮಾದರಿಯೊಂದರ ಬಗ್ಗೆ ಪ್ರಶ್ನೆ

ಪ್ರಶ್ನೆ

ಕೆರೆಯಲ್ಲಿ ನೀರು ಕಡಿಮೆಯಿದೆ, ಈ ಸಲ ಭತ್ತ ಬೇಡ, ರಾಗಿ ಸಾಕು ಎಂದು ನಮ್ಮೂರಿನವರು ಮಾತನಾಡಿಕೊಂಡಿದ್ದೆವು. ಆದರೂ ಇಬ್ಬರು ನಾಟಿ ಹಾಕಿದರು. ಅವರನ್ನು ನೋಡಿ, ತಾವು ಮಾತ್ರ ಸುಮ್ಮನಿದ್ದರೆ ನಷ್ಟವೆಂದು ಇನ್ನೂ ಕೆಲವರು ಗದ್ದೆಗೆ ನೀರು ಹಾಯಿಸಿದರು. ಸಂಕ್ರಾಂತಿಯ ಹೊತ್ತಿಗೆ ತೂಬಿನ ಬುಡದ ಕಲ್ಲು ಕಾಣುತ್ತಿತ್ತು. ಇಂಥ ಸಂದರ್ಭದಲ್ಲಿ ಮತದಾನದಿಂದ ಸಂಪತ್ತು ಉಳಿಯುತ್ತದೆಂದು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತೋರಿಸಿದೆಯಂತೆ. ಅದರ ಹಿಂದಿನ ಲೆಕ್ಕವನ್ನು ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ 1

ಅದು ಹೌಸರ್, ರ್‍ಯಾಂಡ್, ಪೈಸಖೋವಿಚ್ ಮತ್ತು ನೊವಾಕ್ ಎಂಬ ನಾಲ್ವರು ನಡೆಸಿದ ಅಧ್ಯಯನ. ಐದು ಜನರ ಗುಂಪಿನ ಮುಂದೆ 100 ಘಟಕಗಳ ನಿಧಿಯಿರುತ್ತದೆ. ಒಬ್ಬೊಬ್ಬರೂ ಹೆಚ್ಚೆಂದರೆ 20 ತೆಗೆದುಕೊಳ್ಳಬಹುದು. ಐವರೂ ತೆಗೆದದ್ದು ಒಟ್ಟು 50ನ್ನು ಮೀರದಿದ್ದರೆ ನಿಧಿ ಮತ್ತೆ ತುಂಬಿ ಮುಂದಿನ ‘ಪೀಳಿಗೆ’ಯ ಐವರಿಗೆ ಸಿಗುತ್ತದೆ, ಮೀರಿದರೆ ಅವರಿಗೆ ಏನೂ ಉಳಿಯುವುದಿಲ್ಲ. ಮುಂದಿನವರು ಬೇರೆಯೇ ಜನರಾದ್ದರಿಂದ ಅವರು ಪ್ರತೀಕಾರ ಮಾಡಲಾರರು, ಉಪಕಾರವನ್ನು ತೀರಿಸಲೂ ಆರರು.

ಒಬ್ಬೊಬ್ಬರೂ ತಮ್ಮಿಷ್ಟದಂತೆ ತೆಗೆದಾಗ ನಿಧಿ ಹೆಚ್ಚುಕಡಿಮೆ ಯಾವಾಗಲೂ ಬರಿದಾಯಿತು. ಬಹುಪಾಲು ಜನ ಸಂಯಮದಿಂದಲೇ ಇದ್ದರೂ ಕೆಲವರ ಅತಿಯಾಸೆ ಅಷ್ಟಕ್ಕೆ ಸಾಕಾಗಿತ್ತು. ಐವರೂ ತಮಗೆ ಸರಿಯೆನಿಸಿದ ಪ್ರಮಾಣವನ್ನು ಸೂಚಿಸಿ, ಅವುಗಳ ಮಧ್ಯಾಂಕವನ್ನೇ, ಅಂದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆಯನ್ನೇ, ಎಲ್ಲರಿಗೂ ಅನ್ವಯಿಸಿದಾಗ ಮಾತ್ರ ನಿಧಿ ಪೀಳಿಗೆಯಿಂದ ಪೀಳಿಗೆಗೆ ಉಳಿಯಿತು.

ಗುಟ್ಟಿರುವುದು ಮಧ್ಯಾಂಕದಲ್ಲಿ. ಸೂಚನೆಗಳು 9, 10, 10, 11, 20 ಎಂದಿರಲಿ. ಸರಾಸರಿ 12 ಆಗುತ್ತದೆ, ಐವರಿಗೆ 60, ನಿಧಿ ಹೋಯಿತು. ಮಧ್ಯಾಂಕ 10, ಐವರಿಗೆ 50, ನಿಧಿ ಉಳಿಯಿತು. ಕೊನೆಯವನು 20ರ ಬದಲು 200 ಎಂದು ಬರೆದರೂ ಮಧ್ಯಾಂಕ ಕದಲುವುದಿಲ್ಲ. ನೀವು ಹೇಳಿದ ‘ತಾವು ಮಾತ್ರ ಸುಮ್ಮನಿದ್ದರೆ ನಷ್ಟ’ ಎಂಬ ಭಯಕ್ಕೂ ಇದರಲ್ಲಿ ಪರಿಹಾರವಿದೆ: ಇತರರೂ ಅಷ್ಟನ್ನೇ ತೆಗೆಯುತ್ತಾರೆಂಬ ಖಾತ್ರಿ ಸಿಕ್ಕರೆ, ಷರತ್ತಿನ ಮೇಲೆ ಸಹಕರಿಸುವವರು ಧೈರ್ಯವಾಗಿ ಕಡಿಮೆ ಸೂಚಿಸುತ್ತಾರೆ.

ಉತ್ತರ 2

ಮೇಲಿನ ವಿವರಣೆ ಸರಿಯಾಗಿದೆ, ಆದರೆ ಅದೇ ಅಧ್ಯಯನದ ಇನ್ನೊಂದು ಭಾಗವನ್ನು ಬಿಡಬಾರದು. ಐವರಲ್ಲಿ ಮೂವರಿಗೆ ಮಾತ್ರ ಮತದ ಕಟ್ಟುಪಾಡನ್ನು ಹಾಕಿ ಇಬ್ಬರನ್ನು ಹೊರಗಿಟ್ಟಾಗ ಮತದಾನ ಕೈಕೊಟ್ಟಿತು. ಮೂವರು ಹತ್ತರಂತೆ 30 ತೆಗೆದರೂ, ಹೊರಗಿನ ಇಬ್ಬರು ಇಪ್ಪತ್ತರಂತೆ ತೆಗೆದರೆ ಒಟ್ಟು 70 ಆಗಿಬಿಡುತ್ತದೆ. ನಮ್ಮ ಅಚ್ಚುಕಟ್ಟುಗಳಲ್ಲಿ ಆ ‘ಹೊರಗಿನ ಇಬ್ಬರು’ ಎಂದರೆ, ನನ್ನ ಅಭಿಪ್ರಾಯದಲ್ಲಿ, ಕೆರೆಯ ಪಕ್ಕದಲ್ಲೇ ಕೊಳವೆಬಾವಿ ಕೊರೆಸಿಕೊಂಡವರು. ತೂಬಿನ ನೀರಿಗೆ ಮಾತ್ರ ಮತ ಹಾಕಿ, ಪಂಪಿನ ನೀರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಫಲಿತಾಂಶ ಇದೇ. ಅಲ್ಲದೆ, ಐವರಲ್ಲಿ ಮೂವರು 20 ಎಂದು ಸೂಚಿಸಿದರೆ ಮಧ್ಯಾಂಕವೇ 20 ಆಗುತ್ತದೆ. ಬಹುಮತವೇ ಕೆಟ್ಟಿರುವಲ್ಲಿ ಈ ನಿಯಮದಿಂದ ರಕ್ಷಣೆಯಿಲ್ಲ.

ಉತ್ತರ 3

ಮತದ ತೀರ್ಮಾನವನ್ನು ಗದ್ದೆಯಲ್ಲಿ ನಡೆಸುವವರು ಯಾರು ಎಂಬುದು ಈ ಮಾದರಿಯಲ್ಲಿಲ್ಲ. ಅಲ್ಲಿ ಮಧ್ಯಾಂಕ ತಾನಾಗಿಯೇ ಜಾರಿಯಾಗುತ್ತದೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರು ಬಹುಕಾಲ ಬಾಳಿದ ಸಾಮುದಾಯಿಕ ವ್ಯವಸ್ಥೆಗಳನ್ನು ಅಭ್ಯಸಿಸಿ, ಬಳಕೆದಾರರಿಗೆ ಉತ್ತರ ಕೊಡಬೇಕಾದ ಕಾವಲುಗಾರರು ಮತ್ತು ತಪ್ಪಿಗೆ ತಕ್ಕಂತೆ ಏರುತ್ತ ಹೋಗುವ ದಂಡನೆ ಅಲ್ಲಿ ಇದ್ದುದನ್ನು ಗುರುತಿಸಿದರು. ನಮ್ಮಲ್ಲಿ ಆ ಕೆಲಸ ನೀರುಗಂಟಿಯದಾಗಿತ್ತು. ಆತ ತೂಬು ಎತ್ತಿ, ಕೊನೆಯ ಗದ್ದೆಗೂ ಸರದಿಯಂತೆ ನೀರು ಮುಟ್ಟಿಸಿ, ಸುಗ್ಗಿಯಲ್ಲಿ ಕಣದ ಮೇಲೆ ಕಾಳು ಪಡೆಯುತ್ತಿದ್ದ. ಕೋಲಾರದ ಕಡೆ ಈ ಕೆಲಸ ಹೆಚ್ಚಾಗಿ ದಲಿತ ಕುಟುಂಬಗಳದ್ದಾಗಿತ್ತು ಎಂಬುದನ್ನೂ ನೆನೆಯಬೇಕು. ನೀರನ್ನು ಹಂಚುತ್ತಿದ್ದವರಿಗೆ ತೀರ್ಮಾನದಲ್ಲಿ ಎಷ್ಟು ದನಿಯಿತ್ತು? ದನಕ್ಕೆ ನೀರು ಕುಡಿಸುವ ಜಮೀನಿಲ್ಲದವರನ್ನು ಮತದಾರರೆಂದು ಎಣಿಸುತ್ತೀರೋ ಇಲ್ಲವೋ ಎಂಬುದರ ಮೇಲೆ ಮಧ್ಯಾಂಕವೇ ಬದಲಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ನಮ್ಮ ಸಭೆಗಳಲ್ಲಿ ಕೊಳವೆಬಾವಿಯ ಮಾತು ಬಂದಾಗಲೆಲ್ಲ ‘ಅದು ಅವರವರ ಸ್ವಂತದ್ದು’ ಎಂದು ಮುಂದೆ ಸಾಗುತ್ತಿದ್ದೆವು. ಈ ಸಲ ಮಳೆಗಾಲ ಮುಗಿದ ಮೇಲೆ, ಎಷ್ಟು ಗುಂಟೆಗೆ ನೀರು ಬೇಕೆಂದು ಪಂಪಿನವರೂ ಸೇರಿ ಎಲ್ಲರಿಂದಲೂ ಚೀಟಿಯಲ್ಲಿ ಬರೆಸಿ, ಚೀಟಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ನಡುವಿನದನ್ನು ಸಭೆಯ ಮುಂದೆಯೇ ಓದಿಸಬೇಕೆಂದಿದ್ದೇನೆ. ತೂಬಿನ ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಅದಕ್ಕೂ ಮೊದಲೇ ತೀರ್ಮಾನಿಸಬೇಕಾಗಿದೆ.