ಗೌರವ ಡಾಕ್ಟರೇಟ್ ಕೊಡುವ ಕ್ರಮ: ನಿಯಮಾವಳಿ ಬರೆಯುವಾಗ ಏನೇನು ಇರಬೇಕು?

ಸುಮಾ_ಕೆ ಕೇಳಿದ್ದು:

ವಿಶ್ವವಿದ್ಯಾಲಯವೊಂದರ ಗೌರವ ಪದವಿ ಸಮಿತಿಗೆ ನಿಯಮಾವಳಿಯ ಕರಡು ಸಿದ್ಧಪಡಿಸಬೇಕಿದೆ. ಇದುವರೆಗೆ ಬರಹದಲ್ಲಿ ಏನೂ ಇರಲಿಲ್ಲ. ಘಟಿಕೋತ್ಸವಕ್ಕೆ ಆರು ವಾರ ಉಳಿದಾಗ ಮೇಲಿನಿಂದ ಎರಡು ಮೂರು ಹೆಸರು ಬರುತ್ತಿದ್ದವು, ಸಭೆ ಒಪ್ಪಿ ಕಳಿಸುತ್ತಿತ್ತು.

ಹೆಸರು ಸೂಚಿಸಿದ ದಿನದಿಂದ ಪದವಿ ಕೊಡುವವರೆಗೆ ಯಾವ ಹಂತಗಳಿರಬೇಕು, ಯಾವುದಕ್ಕೆ ಎಷ್ಟು ಸಮಯ ಬೇಕು? ಅಧಿಕಾರದಲ್ಲಿರುವ ರಾಜಕಾರಣಿಗಳಿಗೂ ದೇಣಿಗೆ ಕೊಟ್ಟವರಿಗೂ ಕೊಡಬಹುದೇ? ಕೊಟ್ಟ ಪದವಿಯನ್ನು ಹಿಂಪಡೆಯಬೇಕಾಗಿ ಬಂದರೆ ಏನು ಮಾಡಬೇಕು? ಪಡೆದವರು ಹೆಸರಿನ ಮುಂದೆ 'ಡಾ.' ಹಾಕಿಕೊಳ್ಳಬಹುದೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಡತ_ವಿಭಾಗ:

ಮೇಡಂ, ಮೊದಲು ದಿನದರ್ಶಿ ಸರಿಮಾಡಿಕೊಳ್ಳಿ. ನೀವು ಹೇಳಿದ ಆ ಆರು ವಾರದಲ್ಲೇ ಅರ್ಧ ತೊಂದರೆ ಅಡಗಿದೆ. ಘಟಿಕೋತ್ಸವಕ್ಕೆ 10ರಿಂದ 12 ತಿಂಗಳು ಮೊದಲೇ ನಾಮನಿರ್ದೇಶನಕ್ಕೆ ಕರೆ ಹೊರಡಬೇಕು. ಹೆಸರು ಸೂಚಿಸಲು 2 ತಿಂಗಳು, ಪರಿಶೀಲನೆಗೆ 2 ತಿಂಗಳು, ಸಮಿತಿಯ ಮತದಾನಕ್ಕೂ ವಿದ್ಯಾವಿಷಯಕ ಪರಿಷತ್ತು, ಆಡಳಿತ ಮಂಡಳಿಗಳ ಒಪ್ಪಿಗೆಗೂ ಸೇರಿ 3 ತಿಂಗಳು ಇಡಿ. ಉಳಿದ ಅವಧಿ ಪತ್ರ ವ್ಯವಹಾರ, ಪ್ರಯಾಣ, ಬಿನ್ನವತ್ತಳೆಗೆ ಹೋಗುತ್ತದೆ.

ಸೂಚಿಸುವವರು ಕನಿಷ್ಠ 3 ಜನ ಇರಲಿ, ಎಲ್ಲರೂ ಒಂದೇ ವಿಭಾಗದವರಾಗಿರಬಾರದು. ತಮ್ಮ ಹೆಸರನ್ನು ತಾವೇ ಸೂಚಿಸಿಕೊಳ್ಳುವುದನ್ನೂ ಮನೆಯವರು ಸೂಚಿಸುವುದನ್ನೂ ನಿಯಮದಲ್ಲೇ ತಡೆಯಿರಿ. ನಮೂನೆಯಲ್ಲಿ ಮೂರು ಪ್ರಶ್ನೆ ಸಾಕು: ಮಾಡಿದ ಕೆಲಸ ಏನು, ಅದರಿಂದ ಆ ಕ್ಷೇತ್ರದಲ್ಲಿ ಏನು ಬದಲಾಯಿತು, ಈ ಪದವಿಯನ್ನು ನಮ್ಮ ವಿಶ್ವವಿದ್ಯಾಲಯವೇ ಏಕೆ ಕೊಡಬೇಕು. ಮೂರನೆಯದಕ್ಕೆ ಉತ್ತರ ಇಲ್ಲದ ಅರ್ಜಿಯನ್ನು ಅಲ್ಲಿಗೇ ನಿಲ್ಲಿಸಿ. ಬರೀ ಹೆಸರುವಾಸಿ ಅನ್ನುವ ಕಾರಣಕ್ಕೆ ಬರುವ ಅರ್ಜಿಗಳು ಎಡವುವುದು ಅಲ್ಲೇ.

ಹೆಸರು ಸೂಚಿಸಿರುವ ವಿಷಯ ಆ ವ್ಯಕ್ತಿಗೆ ತಿಳಿಯಬಾರದು. ತಿಳಿದರೆ ಎರಡು ಕೆಡುಕು. ಒಂದು, ಶಿಫಾರಸಿನ ಫೋನುಗಳು ಶುರುವಾಗುತ್ತವೆ. ಇನ್ನೊಂದು, ಸಮಿತಿ ಬೇಡವೆಂದರೆ ಕೇಳದೆ ಇದ್ದ ಗೌರವಕ್ಕೆ ಅವರು ಸುಮ್ಮನೆ ಅವಮಾನ ಅನುಭವಿಸಬೇಕಾಗುತ್ತದೆ.

ಸಮಿತಿಯಲ್ಲಿ 7 ಅಥವಾ 9 ಜನ ಇದ್ದರೆ ಸಾಕು. ಮತದಾನ ಗುಪ್ತವಾಗಿರಲಿ. ಮೂರನೇ ಎರಡರಷ್ಟು ಬಹುಮತವನ್ನು ಒಟ್ಟು ಸದಸ್ಯರ ಸಂಖ್ಯೆಗೆ ಲೆಕ್ಕ ಹಾಕಿ, ಹಾಜರಿದ್ದವರ ಸಂಖ್ಯೆಗೆ ಅಲ್ಲ. 9 ಜನರ ಸಮಿತಿಯಲ್ಲಿ 5 ಜನ ಬಂದು ಕುಳಿತರೆ ಹಾಜರಾತಿಯ ಲೆಕ್ಕದಲ್ಲಿ 4 ಮತಕ್ಕೇ ಪದವಿ ಹೋಗಿಬಿಡುತ್ತದೆ. ಒಟ್ಟು ಲೆಕ್ಕದಲ್ಲಿ 6 ಬೇಕು. ಅಭ್ಯರ್ಥಿಯ ಜೊತೆ ನೆಂಟಸ್ತಿಕೆ, ವ್ಯಾಪಾರ, ಸಹಲೇಖನ ಇರುವ ಸದಸ್ಯರು ಆ ಹೆಸರು ಬಂದಾಗ ಎದ್ದು ಹೊರಗೆ ಹೋಗಬೇಕು. ಹಾಗೆ ಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು.

ಇನ್ನು ಪರಿಶೀಲನೆ. ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡುವುದು ಇದೇ, ಹೆಚ್ಚು ಕಡೆ ಬಿಟ್ಟುಹೋಗುವುದೂ ಇದೇ. ಹೆಸರು ಸೂಚಿಸಿದವರು ತಂದುಕೊಟ್ಟ ಜೀವನಚರಿತ್ರೆಯನ್ನೇ ನಂಬಬೇಡಿ. ಸೂಚಕರಲ್ಲದ ಇಬ್ಬರು ಪ್ರತ್ಯೇಕವಾಗಿ ಹುಡುಕಿ ಟಿಪ್ಪಣಿ ಬರೆಯಲಿ. ಬಾಕಿ ಇರುವ ಮತ್ತು ಮುಗಿದ ಮೊಕದ್ದಮೆಗಳು, ವೃತ್ತಿ ಸಂಸ್ಥೆಗಳ ಶಿಸ್ತುಕ್ರಮ, ಕೃತಿಚೌರ್ಯದ ದೂರು, ಕೆಲಸದ ಸ್ಥಳದ ಕಿರುಕುಳದ ದೂರು, ಹೇಳಿಕೊಂಡ ಪದವಿ ಪ್ರಶಸ್ತಿಗಳು ನಿಜವೇ, ವಿಶ್ವವಿದ್ಯಾಲಯದ ಜೊತೆ ಹಣದ ವ್ಯವಹಾರ ಇದೆಯೇ, ಇಷ್ಟೂ ಅದರಲ್ಲಿರಬೇಕು. ಭಾಷಣ ಮತ್ತು ಲೇಖನಗಳನ್ನು ಆ ವ್ಯಕ್ತಿ ಬಳಸುವ ಎಲ್ಲ ಭಾಷೆಗಳಲ್ಲೂ ನೋಡಿ. ಇಂಗ್ಲಿಷಿನಲ್ಲಿ ಮಾತ್ರ ಹುಡುಕಿ ಏನೂ ಸಿಗಲಿಲ್ಲವೆಂದು ಬರೆದ ಟಿಪ್ಪಣಿಗೆ ಬೆಲೆ ಇಲ್ಲ. ಮತದಾನಕ್ಕೆ ಮುಂಚೆ ಒಮ್ಮೆ, ಸಮಾರಂಭಕ್ಕೆ 15 ದಿನ ಇರುವಾಗ ಮತ್ತೊಮ್ಮೆ ಈ ಕೆಲಸ ಆಗಲೇಬೇಕು.

2014ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯ ಇಸ್ಲಾಂ ಧರ್ಮವನ್ನು ಟೀಕಿಸುವ ಲೇಖಕಿ ಅಯಾನ್ ಹಿರ್ಸಿ ಅಲಿ ಅವರಿಗೆ ಗೌರವ ಪದವಿ ಘೋಷಿಸಿ, ಪ್ರತಿಭಟನೆ ಎದ್ದ ಮೇಲೆ ಹಿಂತೆಗೆದುಕೊಂಡಿತು. ಅವರ ಹಿಂದಿನ ಕೆಲವು ಹೇಳಿಕೆಗಳು ತನಗೆ ಗೊತ್ತಿರಲಿಲ್ಲ ಎಂಬುದು ವಿಶ್ವವಿದ್ಯಾಲಯ ಕೊಟ್ಟ ಕಾರಣ. ಆ ಹೇಳಿಕೆಗಳೆಲ್ಲ ಅಚ್ಚಾಗಿ ಎಲ್ಲರಿಗೂ ಸಿಗುವಂತಿದ್ದವು. ಪದವಿ ಕೊಡುವುದು ಸರಿಯೋ ತಪ್ಪೋ ಎಂಬ ವಾದ ಬೇರೆ. ಆದರೆ ಆ ವಾದ ಸಮಿತಿಯೊಳಗೆ ಮೊದಲೇ ಮುಗಿದಿರಬೇಕಿತ್ತು.

ಸೆನೆಟ್_ನೋಟ:

ರಾಜಕಾರಣಿಗಳ ಪ್ರಶ್ನೆಗೆ: ಅಧಿಕಾರದಲ್ಲಿರುವವರಿಗೆ, ಚುನಾವಣೆಗೆ ನಿಂತಿರುವವರಿಗೆ ಕೊಡಬೇಡಿ. ಅಧಿಕಾರ ಬಿಟ್ಟು ಕನಿಷ್ಠ 2 ವರ್ಷವಾದರೂ ಆಗಿರಲಿ. ಇದನ್ನು 'ಸಾಮಾನ್ಯವಾಗಿ' ಎಂಬಂಥ ಪದ ಸೇರಿಸದೆ ಬರೆಯಿರಿ. ಆ ಪದ ಇದ್ದರೆ ಮೊದಲ ವರ್ಷವೇ ಅದರೊಳಗಿಂದ ಯಾರಾದರೂ ನುಸುಳುತ್ತಾರೆ.

ಈ ಪದ್ಧತಿ ಹುಟ್ಟಿದ್ದೇ ಅಧಿಕಾರದ ನೆರಳಿನಲ್ಲಿ. ಮೊದಲ ಗೌರವ ಪದವಿ ಎಂದು ಸಾಮಾನ್ಯವಾಗಿ ಹೇಳುವುದು 1470ರ ದಶಕದ ಕೊನೆಗೆ ಆಕ್ಸ್‌ಫರ್ಡ್ ಲಯನೆಲ್ ವುಡ್‌ವಿಲ್‌ಗೆ ಕೊಟ್ಟದ್ದನ್ನು. ಆತ ಇಂಗ್ಲೆಂಡಿನ ದೊರೆ ನಾಲ್ಕನೇ ಎಡ್ವರ್ಡ್‌ನ ಹೆಂಡತಿಯ ತಮ್ಮ. ಅರಮನೆಯನ್ನು ಒಲಿಸಿಕೊಳ್ಳುವ ಆಸೆ ಅಂದಿನಿಂದಲೂ ಇದರ ಬೆನ್ನಿಗಿದೆ, ಅದಕ್ಕೇ ನಿಯಮ ಬಿಗಿಯಾಗಿರಬೇಕು.

ಜಿಂಬಾಬ್ವೆಯನ್ನು ಆಳಿದ ರಾಬರ್ಟ್ ಮುಗಾಬೆಯ ಕತೆಯನ್ನು ನಿಮ್ಮ ಸಮಿತಿ ಪೂರ್ತಿ ಓದಲಿ. ಎಡಿನ್‌ಬರೋ ವಿಶ್ವವಿದ್ಯಾಲಯ ಆಫ್ರಿಕಾದ ಶಿಕ್ಷಣಕ್ಕೆ ಮಾಡಿದ ಸೇವೆಗೆಂದು 1984ರಲ್ಲಿ ಪದವಿ ಕೊಟ್ಟಿತು. ಆ ದೇಶದ ಮಾತಾಬೆಲೆಲ್ಯಾಂಡ್ ಪ್ರದೇಶದಲ್ಲಿ ಆತನ ಸೇನೆಯ ಹತ್ಯಾಕಾಂಡ 1983ರಲ್ಲೇ ಶುರುವಾಗಿತ್ತು. 1986ರಲ್ಲಿ ಮ್ಯಾಸಚೂಸೆಟ್ಸ್, 1990ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಗಳೂ ಕೊಟ್ಟವು. ಎಡಿನ್‌ಬರೋ ಹಿಂಪಡೆದದ್ದು 2007ರಲ್ಲಿ, ಉಳಿದ ಎರಡು 2008ರಲ್ಲಿ. ಒಂದು ಕಡೆ ಕೊಟ್ಟದ್ದೇ ಇನ್ನೊಂದು ಕಡೆ ಅರ್ಹತೆಯಾಗಿ ಕಾಣುತ್ತದೆ. ಹಾಗಾಗಿ ಪರಿಶೀಲನಾ ಟಿಪ್ಪಣಿಯಲ್ಲಿ ಬೇರೆ ಗೌರವ ಪದವಿಗಳ ಪಟ್ಟಿಯನ್ನು ಸಾಧನೆಯ ಭಾಗವಾಗಿ ಸೇರಿಸಬೇಡಿ.

ಎದುರು ಬದಿಯ ಅಪಾಯವನ್ನೂ ಹೇಳಬೇಕು. 1985ರ ಜನವರಿಯಲ್ಲಿ ಆಕ್ಸ್‌ಫರ್ಡಿನ ಅಧ್ಯಾಪಕರ ಸಭೆ ಆಗ ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರಿಗೆ ಪದವಿ ಬೇಡವೆಂದು 738–319 ಮತಗಳಿಂದ ತೀರ್ಮಾನಿಸಿತು. ಶಿಕ್ಷಣ ಮತ್ತು ಸಂಶೋಧನೆಗೆ ಹಣ ಕಡಿತ ಮಾಡಿದ್ದಕ್ಕೆ ಬಂದ ಪ್ರತಿಕ್ರಿಯೆ ಅದು. ಅಧ್ಯಾಪಕರು ತಮ್ಮ ಹಕ್ಕು ಚಲಾಯಿಸಿದ್ದು ನನ್ನ ಮಟ್ಟಿಗೆ ಸರಿಯೇ. ಆದರೆ ಮತದಾನಕ್ಕೆ ಮುನ್ನವೇ ಹೆಸರು ಬಹಿರಂಗವಾಗಿದ್ದರಿಂದ ಅದು ಇಡೀ ದೇಶದ ಜಗಳವಾಯಿತು. ಅಧಿಕಾರದಲ್ಲಿರುವವರಿಗೆ ಇಲ್ಲ ಎಂಬ ನಿಯಮ ಇದ್ದಿದ್ದರೆ ಆ ಹೆಸರು ಸಭೆಗೇ ಬರುತ್ತಿರಲಿಲ್ಲ.

ನಿಯಮ ಮೊದಲೇ ಪ್ರಕಟವಾಗಿರಬೇಕು ಅನ್ನುವುದಕ್ಕೆ 2009ರ ಅರಿಜೋನಾ ಸ್ಟೇಟ್ ಪ್ರಕರಣ ನೋಡಿ. ಅಧ್ಯಕ್ಷ ಒಬಾಮಾ ಅವರನ್ನು ಘಟಿಕೋತ್ಸವ ಭಾಷಣಕ್ಕೆ ಕರೆದು, ಅವರ ಬಹುಪಾಲು ಕೆಲಸ ಇನ್ನೂ ಮುಂದಿದೆ ಎಂದು ಹೇಳಿ ಪದವಿ ಕೊಡಲಿಲ್ಲ. ಕಾರಣ ಒಪ್ಪುವಂಥದ್ದೇ. ಆದರೂ ಅತಿಥಿಯನ್ನು ಕರೆದು ಕಡೆಗಣಿಸಿದರು ಎಂಬ ಟೀಕೆ ತಪ್ಪಲಿಲ್ಲ. ಭಾಷಣಕ್ಕೆ ಬರುವವರಿಗೆಲ್ಲ ಪದವಿ ಎಂಬ ನಿರೀಕ್ಷೆ ಬೆಳೆಯದಂತೆ ಆ ಎರಡನ್ನೂ ನಿಯಮದಲ್ಲೇ ಬೇರ್ಪಡಿಸಿಬಿಡಿ.

ತಾರಾ_ಪಿ:

ಅಧಿಕಾರದಲ್ಲಿರುವವರಿಗೆ ಬೇಡ ಎಂಬುದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಅದು 'ವಿವಾದ ಇರುವವರಿಗೆ ಬೇಡ' ಎಂದಾಗಬಾರದು. ನೆಲ್ಸನ್ ಮಂಡೇಲಾ ಸೆರೆಯಲ್ಲಿದ್ದಾಗಲೇ ಕೆಲವು ವಿಶ್ವವಿದ್ಯಾಲಯಗಳು ಅವರಿಗೆ ಗೌರವ ಪದವಿ ಕೊಟ್ಟವು. ಮೊಕದ್ದಮೆ ಇದ್ದವರೆಲ್ಲ ಅನರ್ಹರು ಎಂದು ಬರೆದಿದ್ದರೆ ಅವರ ಹೆಸರು ಮೊದಲ ಹಂತದಲ್ಲೇ ಬಿದ್ದುಹೋಗುತ್ತಿತ್ತು. ಮೊಕದ್ದಮೆ ಯಾವುದು, ಏಕೆ ಎಂಬುದನ್ನು ಸಮಿತಿ ಓದಿ ತೀರ್ಮಾನಿಸಲಿ. ಅದು ತಾನೇ ತಾನಾಗಿ ಅನರ್ಹತೆ ಆಗುವುದು ಬೇಡ.

ದಾನಿಗಳ ವಿಷಯ. ದೇಣಿಗೆ ಕೊಟ್ಟವರನ್ನು ಶಾಶ್ವತವಾಗಿ ಹೊರಗಿಡುವುದು ನ್ಯಾಯವಲ್ಲ, ದೊಡ್ಡ ವಿಜ್ಞಾನಿಯೂ ತನ್ನ ಹಳೆಯ ವಿಭಾಗಕ್ಕೆ ಹಣ ಕೊಟ್ಟಿರಬಹುದು. ಕೆಲಸಕ್ಕೆ ಬರುವ ನಿಯಮ ಇದು: ಕೊನೆಯ ದೇಣಿಗೆಯ ನಂತರ 2 ಅಥವಾ 3 ವರ್ಷ ಕಳೆದಿರಬೇಕು, ಹೊಸ ದೇಣಿಗೆಯ ಮಾತುಕತೆ ನಡೆಯುತ್ತಿರಬಾರದು. ಹಣಕಾಸು ಅಧಿಕಾರಿಯಿಂದ ಇದನ್ನು ಬರಹದಲ್ಲಿ ತರಿಸಿ ಕಡತಕ್ಕೆ ಸೇರಿಸಿ. ಬಾಯಿಮಾತು ಸಾಲದು. ನೇರ ದೇಣಿಗೆ ಮಾತ್ರ ಕೇಳಿದರೆ ಟ್ರಸ್ಟು, ಕಂಪನಿ, ಮನೆಯವರ ಹೆಸರಿನಲ್ಲಿ ಬಂದದ್ದು ಕಣ್ಣು ತಪ್ಪುತ್ತದೆ, ಅವನ್ನೂ ಹೆಸರಿಸಿ ಕೇಳಿ. ಪದವಿ ಪಡೆಯುವವರಿಂದ ಯಾವ ರೂಪದಲ್ಲೂ ಶುಲ್ಕ ತೆಗೆದುಕೊಳ್ಳಬಾರದು, ಗೌನಿನ ಬಾಡಿಗೆಯನ್ನು ಕೂಡ.

ಒಂದು ವರ್ಷಕ್ಕೆ 3 ಅಥವಾ 4 ಪದವಿ ಎಂಬ ಮಿತಿ ಇಡಿ. ಯಾರೂ ಸಿಗದ ವರ್ಷ ಕೊಡದೇ ಬಿಡಬಹುದು ಎಂದೂ ಬರೆಯಿರಿ. ಎಂಐಟಿ, ಸ್ಟ್ಯಾನ್‌ಫರ್ಡ್, ವರ್ಜೀನಿಯಾ ವಿಶ್ವವಿದ್ಯಾಲಯಗಳು ಗೌರವ ಪದವಿಯನ್ನೇ ಕೊಡುವುದಿಲ್ಲ. ಕಾರ್ನೆಲ್ 1886ರಲ್ಲಿ ಎರಡು ಕೊಟ್ಟು ನಿಲ್ಲಿಸಿತು. ಅದರಿಂದ ಅವುಗಳ ಘನತೆಗೆ ಏನೂ ಕುಂದಾಗಿಲ್ಲ.

ಸುಮಾ_ಕೆ:

ಎಲ್ಲರಿಗೂ ಧನ್ಯವಾದ. ಹಿಂಪಡೆಯುವ ವಿಷಯ ಇನ್ನೂ ಬಾಕಿ ಇದೆ. ನಮ್ಮ ಪರಿನಿಯಮದಲ್ಲಿ (ವಿಶ್ವವಿದ್ಯಾಲಯದ ಮೂಲ ನಿಯಮಗಳಲ್ಲಿ) ಕೊಡುವ ಅಧಿಕಾರ ಇದೆ, ಹಿಂಪಡೆಯುವ ಬಗ್ಗೆ ಒಂದು ಅಕ್ಷರವೂ ಇಲ್ಲ. ಕೊಡುವ ಅಧಿಕಾರದಲ್ಲೇ ಅದೂ ಸೇರಿದೆ ಎಂದುಕೊಳ್ಳಬಹುದೇ?

ಪರಿನಿಯಮ_೨೨:

ಹಾಗೆ ಅಂದುಕೊಂಡು ಮುಂದುವರಿಯಬೇಡಿ. ಬರಹದಲ್ಲಿ ಇಲ್ಲದಿದ್ದರೆ, ಬೇಕಾದ ದಿನ ಅಧಿಕಾರ ಯಾರಿಗಿದೆ ಎಂಬ ಚರ್ಚೆಯಲ್ಲೇ ತಿಂಗಳುಗಳು ಹೋಗುತ್ತವೆ. ಯೇಲ್ ವಿಶ್ವವಿದ್ಯಾಲಯ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಗೌರವ ಪದವಿ ಹಿಂಪಡೆದದ್ದು 2018ರಲ್ಲಿ, 2003ರಲ್ಲಿ ಅಮೆರಿಕದ ನಟ ಬಿಲ್ ಕಾಸ್ಬಿಗೆ ಕೊಟ್ಟದ್ದನ್ನು. ಅದೂ ಲೈಂಗಿಕ ದೌರ್ಜನ್ಯದ ಮೊಕದ್ದಮೆಯಲ್ಲಿ ತಪ್ಪಿತಸ್ಥನೆಂದು ನ್ಯಾಯಾಲಯದ ತೀರ್ಪು ಬಂದ ಮೇಲೆ.

ಆದರೆ ಈ ಅಧಿಕಾರ ಸಡಿಲವಾಗಿದ್ದರೆ ಏನಾಗುತ್ತದೆ ಎಂಬುದನ್ನೂ ಮರೆಯಬಾರದು. ಜರ್ಮನಿಯ ಬಾನ್ ವಿಶ್ವವಿದ್ಯಾಲಯ ಕಾದಂಬರಿಕಾರ ಥಾಮಸ್ ಮಾನ್ ಅವರಿಗೆ 1919ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತ್ತು. 1936ರ ಡಿಸೆಂಬರಿನಲ್ಲಿ, ನಾಜಿ ಸರ್ಕಾರ ಅವರ ಪೌರತ್ವ ಕಿತ್ತುಕೊಂಡ ಬೆನ್ನಿಗೇ, ಪದವಿಯನ್ನೂ ರದ್ದು ಮಾಡಿ ಪತ್ರ ಕಳಿಸಿತು. ಯುದ್ಧ ಮುಗಿದ ಮೇಲೆ 1946ರಲ್ಲಿ ಮರಳಿ ಕೊಟ್ಟಿತು. ಸರ್ಕಾರಕ್ಕೆ ಬೇಡವಾದವರ ಪದವಿ ಕೀಳಲು ಬಳಕೆಯಾಗಬಲ್ಲ ನಿಯಮವನ್ನು ನೀವು ಬರೆಯಕೂಡದು.

ಹಾಗಾಗಿ ಕಾರಣಗಳನ್ನು ಎಣಿಸಿ ಬರೆಯಿರಿ. ಗಂಭೀರ ಅಪರಾಧದಲ್ಲಿ ಅಂತಿಮ ಶಿಕ್ಷೆ, ಪದವಿಗೆ ಆಧಾರವಾದ ಸಾಧನೆಯೇ ಸುಳ್ಳೆಂದು ಸಾಬೀತಾಗುವುದು, ಮಾಹಿತಿ ಮುಚ್ಚಿಟ್ಟದ್ದು ಗೊತ್ತಾಗುವುದು. 'ಕೀರ್ತಿಗೆ ಧಕ್ಕೆ ತಂದರೆ' ಎಂಬ ಒಂದೇ ಸಾಲು ಇಟ್ಟರೆ ಅದರೊಳಗೆ ಯಾರನ್ನು ಬೇಕಾದರೂ ತುರುಕಬಹುದು. ಮುಗಾಬೆಯಂಥ ಪ್ರಕರಣದಲ್ಲಿ ಶಿಕ್ಷೆಯ ತೀರ್ಪು ಎಂದೂ ಬರುವುದಿಲ್ಲ, ಆದ್ದರಿಂದ ಮಾನವ ಹಕ್ಕುಗಳ ಗಂಭೀರ ಉಲ್ಲಂಘನೆ ಎಂಬುದನ್ನು ಪ್ರತ್ಯೇಕ ಕಾರಣವಾಗಿ ಸೇರಿಸಿ, ಅದಕ್ಕೆ ಪುರಾವೆ ಪರಿಶೀಲಿಸಲು ಹೊರಗಿನ ಒಬ್ಬ ಕಾನೂನು ತಜ್ಞರಿರುವ ಉಪಸಮಿತಿ ಕಡ್ಡಾಯ ಮಾಡಿ.

ಕ್ರಮ ಹೀಗಿರಲಿ: ಬರಹದ ದೂರು, ಉಪಸಮಿತಿಯ ವರದಿ, ಪದವಿ ಪಡೆದವರಿಗೆ ನೋಟಿಸು ಮತ್ತು ಉತ್ತರಕ್ಕೆ 30 ದಿನ, ಆಮೇಲೆ ಕೊಟ್ಟ ಸಭೆಯಲ್ಲೇ ಮತದಾನ. ಕೊಡಲು ಬೇಕಾದ ಬಹುಮತಕ್ಕಿಂತ ಹಿಂಪಡೆಯಲು ಹೆಚ್ಚು ಬೇಕು, ನಾಲ್ಕನೇ ಮೂರರಷ್ಟು ಇಡಿ. ಮೃತರ ಪದವಿಯ ಬಗ್ಗೆಯೂ ಒಂದು ಸಾಲು ಇರಲಿ, ಉತ್ತರ ಕೊಡಲು ಅವರಿರುವುದಿಲ್ಲ.

ಮುಖ್ಯವಾಗಿ, ಈ ಷರತ್ತನ್ನು ಆಹ್ವಾನ ಪತ್ರದಲ್ಲೇ ಹಾಕಿ ಸಹಿ ಮಾಡಿಸಿಕೊಳ್ಳಿ. ಗೊತ್ತಿಲ್ಲದೆ ಪಡೆದ ಪದವಿಗೆ ನಂತರ ಷರತ್ತು ಹೇರಿದರೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಕಡತ_ವಿಭಾಗ:

ಆಹ್ವಾನ ಪತ್ರದ ಮಾತು ಬಂದದ್ದರಿಂದ ಉಳಿದದ್ದನ್ನೂ ಸೇರಿಸುತ್ತೇನೆ. ಆ ಪತ್ರ ಗೋಪ್ಯವಾಗಿರಲಿ, ಉತ್ತರಕ್ಕೆ 30 ದಿನ ಕೊಡಿ, ಬರಹದ ಒಪ್ಪಿಗೆ ಕೈಗೆ ಬರುವ ತನಕ ಪತ್ರಿಕಾ ಪ್ರಕಟಣೆ ಬೇಡ. ಖುದ್ದಾಗಿ ಬಂದು ಪಡೆಯಬೇಕೆಂಬುದು ಸಾಮಾನ್ಯ ನಿಯಮವಾಗಿರಲಿ, ಬರಲಾಗದಿದ್ದರೆ ಒಪ್ಪಿಗೆ 2 ವರ್ಷ ಊರ್ಜಿತ ಎನ್ನಿ. ವಯಸ್ಸು, ಅನಾರೋಗ್ಯಕ್ಕೆ ವಿನಾಯಿತಿ ಇರಬೇಕು. 1940ರಲ್ಲಿ ಆಕ್ಸ್‌ಫರ್ಡ್ ರವೀಂದ್ರನಾಥ ಟ್ಯಾಗೋರರಿಗೆ ಶಾಂತಿನಿಕೇತನದಲ್ಲೇ ವಿಶೇಷ ಘಟಿಕೋತ್ಸವ ನಡೆಸಿ ಪದವಿ ಕೊಟ್ಟಿತು.

'ಡಾ.' ವಿಷಯ. ಬೆಂಜಮಿನ್ ಫ್ರಾಂಕ್ಲಿನ್ 1759ರಲ್ಲಿ ಸೇಂಟ್ ಆಂಡ್ರೂಸ್ ಕೊಟ್ಟ ಗೌರವ ಪದವಿಯಿಂದಲೇ ಡಾಕ್ಟರ್ ಫ್ರಾಂಕ್ಲಿನ್ ಆದರು. ಇಂದಿನ ವಾಡಿಕೆಯಲ್ಲಿ ಅದನ್ನು ಬಳಸದಿರುವುದೇ ಸರಿ. ಬಳಸಿದರೆ ತಡೆಯಲು ವಿಶ್ವವಿದ್ಯಾಲಯದ ಕೈಯಲ್ಲಿ ಹೆಚ್ಚೇನೂ ಇಲ್ಲ, ಹಾಗಾಗಿ ಬಳಸಬಾರದೆಂಬ ಕೋರಿಕೆಯನ್ನು ಪತ್ರದಲ್ಲೇ ಬರೆಯಿರಿ. ನಿಮ್ಮ ಕೈಯಲ್ಲಿರುವುದು ದಾಖಲೆ. ಪಿಎಚ್.ಡಿ.ಯನ್ನು ಗೌರವ ಪದವಿಯಾಗಿ ಕೊಡಲೇಬೇಡಿ. ಡಿ.ಲಿಟ್., ಡಿ.ಎಸ್‌ಸಿ. ಪದವಿಗಳನ್ನು ಕೆಲವು ಕಡೆ ಸಂಶೋಧನೆ ಮಾಡಿಯೂ ಪಡೆಯುತ್ತಾರೆ, ಆದ್ದರಿಂದ ಪ್ರಮಾಣಪತ್ರದಲ್ಲಿ ಪದವಿಯ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ 'ಗೌರವ' ಎಂದು ಅಚ್ಚಾಗಲಿ. ಸಾಮಾನ್ಯ ಪದವೀಧರರ ನೋಂದಣಿ ಪುಸ್ತಕದಲ್ಲಿ ಸೇರಿಸದೆ ಪ್ರತ್ಯೇಕ ಪುಸ್ತಕ ಇಡಿ. ಒಂದೇ ಸರಣಿ ಸಂಖ್ಯೆ ಕೊಟ್ಟರೆ, ಮುಂದೆ ಯಾರಾದರೂ ಪರಿಶೀಲನೆಗೆ ಕೇಳಿದಾಗ ಗುಮಾಸ್ತರು 'ಪದವಿ ನಿಜ' ಎಂದು ಪ್ರಮಾಣಿಸಿ ಕಳಿಸಿಬಿಡುತ್ತಾರೆ.

ಬಿನ್ನವತ್ತಳೆ 300 ಪದ ಮೀರದಿರಲಿ, ಓದಲು 3 ನಿಮಿಷ. ವಿಶೇಷಣಗಳ ಬದಲು ಕೆಲಸವನ್ನು ಹೆಸರಿಸಿ. ಕರಡನ್ನು ಸಮಾರಂಭಕ್ಕೆ 3 ವಾರ ಮುಂಚೆ ಪದವಿ ಪಡೆಯುವವರಿಗೆ ಕಳಿಸಿ ಇಸವಿ, ಹೆಸರಿನ ಕಾಗುಣಿತ, ಉಚ್ಚಾರಣೆ ಮೂರನ್ನೂ ಖಚಿತ ಮಾಡಿಕೊಳ್ಳಿ. ಪ್ರಮಾಣಪತ್ರ ಅಚ್ಚಿಗೆ ಹೋಗುವುದು ಅದಾದ ಮೇಲೆಯೇ.