ಅಣ್ಣ ಕೆನಡಾ ಪಿಆರ್ ತಗೊಂಡರೆ ಊರಿನ ಹೊಲ, ಪಾಸ್‌ಪೋರ್ಟ್ ಏನಾಗುತ್ತೆ?

ಬ್ಯಾಡಗಿ ತಂಗಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ಅಣ್ಣ ಒಂಟಾರಿಯೊದಲ್ಲಿ ವರ್ಕ್ ಪರ್ಮಿಟ್ ಮೇಲೆ ಕೆಲಸ ಮಾಡುತ್ತಿದ್ದಾನೆ. ಈಗ ಪಿಆರ್‌ಗೆ (ಅಲ್ಲೇ ಖಾಯಂ ಆಗಿ ಇರುವ ಅನುಮತಿಗೆ) ಅರ್ಜಿ ಹಾಕುತ್ತೇನೆ ಅಂತಿದ್ದಾನೆ. ಅಪ್ಪನಿಗೆ ಇದು ಸುತಾರಾಂ ಇಷ್ಟ ಇಲ್ಲ. ಪಿಆರ್ ತಗೊಂಡರೆ ನಮ್ಮ ದೇಶದ ಪಾಸ್‌ಪೋರ್ಟ್ ಹೋಗುತ್ತೆ, ಮೆಣಸಿನಕಾಯಿ ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಅವನ ಹೆಸರು ಕೂರಲ್ಲ ಅಂತ ಊರಲ್ಲಿ ಯಾರೋ ತಲೆಗೆ ತುಂಬಿದ್ದಾರೆ. ಅಣ್ಣನನ್ನು ಕೇಳಿದರೆ "ಬಹಳ ಅನುಕೂಲ ಇದೆ" ಅನ್ನುತ್ತಾನೆ, ಏನು ಅಂತ ಬಿಡಿಸಿ ಹೇಳಲ್ಲ. ಈಗಲೂ ಕೆಲಸ ಇದೆ, ಸಂಬಳ ಬರುತ್ತಿದೆ, ಮತ್ತೇನು ಬೇಕು ಅನ್ನೋದು ಅವ್ವನ ಪ್ರಶ್ನೆ. ಗೊತ್ತಿದ್ದವರು ಬರೆಯಿರಿ, ಅಪ್ಪನಿಗೆ ಓದಿ ಹೇಳುತ್ತೇನೆ.

ಮಾಳಮಡ್ಡಿಯವ:

ನಾನು ಧಾರವಾಡದವನು, ಕೆನಡಾದಲ್ಲಿ ಪಿಆರ್ ಮೇಲೆ ಇದ್ದೇನೆ. ಮೊದಲು ಅಪ್ಪನ ಭಯಕ್ಕೆ ಉತ್ತರ. ಪಿಆರ್ ಅಂದರೆ ಪೌರತ್ವ ಅಲ್ಲ. ಆ ದೇಶದಲ್ಲಿ ಖಾಯಂ ಆಗಿ ಇರಬಹುದು, ಅಷ್ಟೇ. ನನ್ನ ಕೈಯಲ್ಲಿ ಈಗಲೂ ಭಾರತದ ಪಾಸ್‌ಪೋರ್ಟೇ ಇದೆ. ಬೇರೆ ದೇಶದ ಪೌರತ್ವ ತಾನಾಗಿ ತಗೊಂಡಾಗ ಮಾತ್ರ ನಮ್ಮ ಪೌರತ್ವ ಹೋಗುತ್ತದೆ, ಪಿಆರ್‌ನಿಂದ ಹೋಗುವುದಿಲ್ಲ.

ಇನ್ನು ಅವ್ವ ಕೇಳಿದ್ದು. ಅದು ಬಹಳ ಸರಿಯಾದ ಪ್ರಶ್ನೆ. ಕಂಪನಿ ಹೆಸರಿಗೆ ಕಟ್ಟಿದ ವರ್ಕ್ ಪರ್ಮಿಟ್ ಇದ್ದರೆ ಆ ಕಂಪನಿಯಲ್ಲಿ ಮಾತ್ರ ಕೆಲಸ ಮಾಡಬೇಕು, ಮಾಲೀಕ ಸರಿ ಇಲ್ಲದಿದ್ದರೂ, ಸಂಬಳ ಏರಿಸದಿದ್ದರೂ, ಹೊಸ ಪರ್ಮಿಟ್ ಅಥವಾ ಅನುಮತಿ ಸಿಗುವ ತನಕ ಸುಮ್ನೆ ಇರಬೇಕಾಗುತ್ತದೆ. ನಾನು ಅದನ್ನು ಅನುಭವಿಸಿದ್ದೇನೆ. ಭಾನುವಾರ ಬಾ ಅಂದರೂ ಆಗಲ್ಲ ಅನ್ನುವ ಧೈರ್ಯ ಬರುತ್ತಿರಲಿಲ್ಲ, ಯಾಕೆಂದರೆ ಕೆಲಸ ಹೋದರೆ ಆ ದೇಶದಲ್ಲಿ ಇರುವ ಆಧಾರವೇ ಅಲ್ಲಾಡುತ್ತೆ. ಪಿಆರ್ ಬಂದ ಮೇಲೆ ಯಾರ ಹತ್ತಿರ ಬೇಕಾದರೂ ಕೆಲಸ ಮಾಡಬಹುದು, ಸ್ವಂತ ಅಂಗಡಿ ಹಾಕಬಹುದು, ಕೆಲಸ ಹೋದರೂ ಪಿಆರ್ ಹೋಗುವುದಿಲ್ಲ. ನನ್ನ ಪ್ರಕಾರ ಉಳಿದ ಅನುಕೂಲಗಳೆಲ್ಲ ಇದರ ಮುಂದೆ ಸಣ್ಣವು.

ಉಳಿದವೂ ಇವೆ. ಮಕ್ಕಳು ಕಾಲೇಜಿಗೆ ಹೋದಾಗ ಅಲ್ಲಿನವರ ಫೀಸೇ ಸಾಕು. ವಿದೇಶಿ ವಿದ್ಯಾರ್ಥಿಗಳ ಫೀಸು ಅದರ ಹಲವು ಪಟ್ಟು. ಪ್ರಾಂತ್ಯದ ಆರೋಗ್ಯ ಯೋಜನೆಯಲ್ಲಿ ಡಾಕ್ಟರ್, ಆಸ್ಪತ್ರೆ ಖರ್ಚು ಬರುತ್ತದೆ, ಹಲ್ಲಿನ ಚಿಕಿತ್ಸೆ ಮತ್ತು ಹೊರಗಿನ ಔಷಧಿ ಹೆಚ್ಚಾಗಿ ಬರುವುದಿಲ್ಲ. ಅಲ್ಲಿ ವೋಟು ಹಾಕುವ ಹಕ್ಕು ಇಲ್ಲ, ಅಲ್ಲಿನ ಪಾಸ್‌ಪೋರ್ಟೂ ಇಲ್ಲ. ಇನ್ನೊಂದು ಮಾತು ಅಣ್ಣನಿಗೆ ಹೇಳಿ: ಕುಡಿದು ಗಾಡಿ ಓಡಿಸುವುದನ್ನು 2018ರ ಡಿಸೆಂಬರ್‌ನಿಂದ ಗಂಭೀರ ಅಪರಾಧಗಳ ಸಾಲಿಗೆ ಸೇರಿಸಿದ್ದಾರೆ, ಅದರಿಂದ ಪಿಆರ್‌ಗೇ ಕುತ್ತು ಬರಬಹುದು.

ವಿದ್ಯಾನಗರ ಹುಬ್ಬಳ್ಳಿ:

ನಾನು ತೆರಿಗೆ ಕೆಲಸ ಮಾಡುವವನು. ಹೊಲದ ವಿಷಯ ಹೇಳುತ್ತೇನೆ, ಊರಲ್ಲಿ ಜಾಸ್ತಿ ಗೊಂದಲ ಇರುವುದು ಇಲ್ಲೇ.

ನಿಮ್ಮ ಅಣ್ಣ ಕೆಲಸಕ್ಕೆ ಅಂತ ದೇಶ ಬಿಟ್ಟಾಗಲೇ ಫೆಮಾ (ವಿದೇಶಿ ವಿನಿಮಯ) ಕಾಯ್ದೆ ಪ್ರಕಾರ ಎನ್‌ಆರ್‌ಐ, ಅಂದರೆ ಅನಿವಾಸಿ ಭಾರತೀಯ ಆಗಿದ್ದಾನೆ. ಪಿಆರ್ ಬಂದರೂ ಬರದಿದ್ದರೂ ಹೊಲದ ನಿಯಮ ಅದೇ. ಎನ್‌ಆರ್‌ಐ ಇಲ್ಲಿ ಮನೆ, ಸೈಟು, ಅಂಗಡಿ ಖರೀದಿ ಮಾಡಬಹುದು. ಕೃಷಿ ಜಮೀನು, ತೋಟ, ಫಾರ್ಮ್ ಹೌಸ್ ಖರೀದಿ ಮಾಡುವ ಹಾಗಿಲ್ಲ. ಕರ್ನಾಟಕದಲ್ಲಿ 2020ರ ತಿದ್ದುಪಡಿ ಆದ ಮೇಲೆ ರೈತ ಅಲ್ಲದವರೂ ಹೊಲ ಕೊಳ್ಳಬಹುದು ಅಂತ ಕೆಲವರು ಹೇಳುತ್ತಾರೆ, ಅದು ರಾಜ್ಯದ ಕಾನೂನು, ಫೆಮಾ ನಿರ್ಬಂಧ ಅದರಿಂದ ಹೋಗಿಲ್ಲ.

ಆದರೆ ವಾರಸಾ ಹಕ್ಕಿನಿಂದ ಬರುವ ಹೊಲಕ್ಕೆ ತಡೆ ಇಲ್ಲ. ಉತಾರದಲ್ಲಿ ಅವನ ಹೆಸರು ಕೂರುತ್ತದೆ. ಇಲ್ಲಿದ್ದಾಗ ಅವನ ಹೆಸರಿಗೆ ಬಂದ ಹೊಲ ಇದ್ದರೆ ಅದೂ ಅವನದೇ. ಅಪ್ಪ ಪ್ರೀತಿಯಿಂದ ಈಗಲೇ ದಾನಪತ್ರ ಮಾಡಿಕೊಡುತ್ತೇನೆ ಅಂದರೆ ಮಾತ್ರ ಬೇಡ ಅನ್ನಿ, ಎನ್‌ಆರ್‌ಐಗೆ ಕೃಷಿ ಜಮೀನನ್ನು ದಾನವಾಗಿ ಕೊಡಲು ಬರುವುದಿಲ್ಲ. ಮೃತ್ಯುಪತ್ರ ಬರೆದಿಟ್ಟರೆ ಸಾಕು. ಜೊತೆಗೆ ಅವನ ಹಳೆಯ ಉಳಿತಾಯ ಖಾತೆ ಇನ್ನೂ ಹಾಗೇ ಇದ್ದರೆ ಅದನ್ನು ಎನ್‌ಆರ್‌ಒ (ಅನಿವಾಸಿಗಳ) ಖಾತೆಯಾಗಿ ಬದಲಿಸಿಕೊಳ್ಳಲು ಹೇಳಿ, ಇದನ್ನು ಬಹಳ ಜನ ಬಿಟ್ಟಿರುತ್ತಾರೆ.

ಮುಳಗುಂದ ನಾಕಾ:

ನಾನು ಗದಗಿನವಳು. ಮಗಳು ಅಲ್ಲಿ ಪಿಆರ್ ಮೇಲೆ ಇದ್ದಾಳೆ. ಅಪ್ಪ ಅವ್ವನ ಕಡೆಯಿಂದ ಯೋಚನೆ ಮಾಡಿದರೆ ದೊಡ್ಡ ಅನುಕೂಲ ಸೂಪರ್ ವೀಸಾ. ಮಗನಿಗೋ ಮಗಳಿಗೋ ಪಿಆರ್ ಅಥವಾ ಪೌರತ್ವ ಇದ್ದರೆ ಮಾತ್ರ ಅದು ಸಿಗುತ್ತೆ, ಬರೀ ವರ್ಕ್ ಪರ್ಮಿಟ್ ಮೇಲೆ ಸಿಗಲ್ಲ. ಒಮ್ಮೆ ಹೋದರೆ ಒಂದೇ ಸಲಕ್ಕೆ 5 ವರ್ಷದ ತನಕ ಇರಬಹುದು. ಮಗಳ ಬಾಣಂತನಕ್ಕೆ ಹೋದಾಗ ಯಾವಾಗ ವಾಪಸ್ ಹೋಗಬೇಕೋ ಅನ್ನುವ ಚಿಂತೆ ನನಗೆ ಇರಲೇ ಇಲ್ಲ. ಆದರೆ ಕನಿಷ್ಠ 1 ಲಕ್ಷ ಕೆನಡಾ ಡಾಲರ್ ಕವರ್ ಇರುವ ವೈದ್ಯಕೀಯ ವಿಮೆ ಮಾಡಿಸಲೇಬೇಕು, ಬಿಪಿ ಶುಗರ್ ಇದ್ದವರಿಗೆ ಅದರ ಕಂತು ಭಾರ ಆಗುತ್ತೆ. ಮಕ್ಕಳ ಆದಾಯವೂ ಇಂತಿಷ್ಟು ಇರಬೇಕು. ಅಲ್ಲಿನ ಸರ್ಕಾರಿ ಆರೋಗ್ಯ ಯೋಜನೆ ನಮಗೆ ಅನ್ವಯ ಆಗಲ್ಲ. ಇದನ್ನೆಲ್ಲ ಮೊದಲೇ ಮಾತಾಡಿಕೊಳ್ಳಿ.

ಬ್ಯಾಡಗಿ ತಂಗಿ:

ಎಲ್ಲರಿಗೂ ಧನ್ಯವಾದ. ಅಪ್ಪನ ಮುಂದೆ ಕೂತು ಓದಿದೆ. ಹೊಲದ ಭಾಗವನ್ನು ಎರಡು ಸಲ ಓದಿಸಿದರು. ಈಗ ಅವರು ಕೇಳುತ್ತಿರುವುದು ಒಂದೇ: ಪಿಆರ್ ತಗೊಂಡು ಊರಿಗೆ ಬಂದು ಒಂದೆರಡು ವರ್ಷ ನಮ್ಮ ಜೊತೆ ಇದ್ದರೆ ಏನಾಗುತ್ತೆ? ಪೂರ್ತಿ ವಾಪಸ್ ಬಂದುಬಿಟ್ಟರೆ?

ಮಾಳಮಡ್ಡಿಯವ:

ಒಂದೆರಡು ವರ್ಷ ಬಂದು ಇರಬಹುದು. ಲೆಕ್ಕ ಹೀಗಿದೆ: ಯಾವುದೇ 5 ವರ್ಷದಲ್ಲಿ ಒಟ್ಟು 730 ದಿನ ಕೆನಡಾದಲ್ಲಿ ಇರಬೇಕು, ಸತತವಾಗಿ ಇರಬೇಕು ಅಂತ ಇಲ್ಲ. ಕಾರ್ಡಿನ ಅವಧಿ ಮುಗಿಯುವ ಮುಂಚೆ ವಾಪಸ್ ಹೋಗಲಿ, ಇಲ್ಲದಿದ್ದರೆ ವಿಮಾನ ಹತ್ತಲು ಬೇರೆ ಪ್ರಯಾಣ ಪತ್ರ ಬೇಕಾಗುತ್ತೆ. ಪೂರ್ತಿ ಬಂದುಬಿಟ್ಟರೆ ಪಿಆರ್ ಬಿಟ್ಟುಕೊಡಬಹುದು. ಅವನು ಭಾರತದ ಪ್ರಜೆಯೇ ಆಗಿರುವುದರಿಂದ ಇಲ್ಲಿ ಯಾರ ಅನುಮತಿಯೂ ಬೇಡ, ನೆಲೆ ನಿಂತ ಮೇಲೆ ಹೊಸ ಹೊಲವನ್ನೂ ಕೊಳ್ಳಬಹುದು. ನಿಜವಾಗಿ ಕೂತು ಮಾತಾಡಬೇಕಾದದ್ದು ಪೌರತ್ವದ ಅರ್ಜಿ ಹಾಕುವ ಸಮಯದಲ್ಲಿ. 5 ವರ್ಷದಲ್ಲಿ 1,095 ದಿನ ಇದ್ದರೆ ಆ ಅರ್ಜಿ ಹಾಕಬಹುದು, ಆದರೆ ಹಾಕಲೇಬೇಕು ಅಂತ ಯಾರೂ ಒತ್ತಾಯ ಮಾಡಲ್ಲ. ಪೌರತ್ವ ತಗೊಂಡರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಆಮೇಲೆ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಸಿಕ್ಕರೂ ಇಲ್ಲಿ ವೋಟು ಇಲ್ಲ, ಹೊಲ ಕೊಳ್ಳುವ ಹಾಗೂ ಇಲ್ಲ. ನಾನು ಅದಕ್ಕೇ ಇನ್ನೂ ಅರ್ಜಿ ಹಾಕಿಲ್ಲ, ಪಿಆರ್ ಮೇಲೇ ಇದ್ದೇನೆ.