ಬಾಲ್ಯದ ವೈಮಾನಿಕ ಪ್ರದರ್ಶನದಲ್ಲಿ ಕಂಡ ಮಿಗ್-21: ಯಾವ ಆವೃತ್ತಿ, ಯಾವ ಅಳತೆ, ಯಾವ ಭಂಗಿ?

ಬೆಳ್ಳಿರೆಕ್ಕೆ:

ಎಲ್ಲರಿಗೂ ನಮಸ್ಕಾರ. ಹಡಗುಗಳ ಪ್ಲಾಸ್ಟಿಕ್ ಮಾದರಿಗಳನ್ನು ಕಟ್ಟಿ ನನಗೆ ಸಾಕಷ್ಟು ಅಭ್ಯಾಸವಿದೆ, ಆದರೆ ಜೆಟ್ ಯುದ್ಧವಿಮಾನಕ್ಕೆ ಕೈ ಹಾಕುತ್ತಿರುವುದು ಇದೇ ಮೊದಲು. ಬಾಲ್ಯದಲ್ಲಿ ವೈಮಾನಿಕ ಪ್ರದರ್ಶನವೊಂದರಲ್ಲಿ ನೋಡಿದ ಮಿಗ್-21 ವಿಮಾನವನ್ನೇ ಕಟ್ಟಬೇಕೆಂದು ನಿಶ್ಚಯಿಸಿದ್ದೇನೆ. ಅದು ಮಿಗ್-21 ಎಂಬುದರಲ್ಲಿ ಸಂಶಯವಿಲ್ಲ. ಮೂಗಿನಲ್ಲಿ ದುಂಡನೆಯ ಗಾಳಿದ್ವಾರ, ಅದರ ನಡುವೆ ಶಂಕು, ತ್ರಿಕೋನದ ರೆಕ್ಕೆಗಳು, ಕಣ್ಣು ಕೋರೈಸುವ ಬೆಳ್ಳಿಯ ಮೈ ಎಲ್ಲವೂ ನೆನಪಿನಲ್ಲಿವೆ. ಅದು ಬೆಂಕಿ ಉಗುಳುತ್ತ ನೆಟ್ಟಗೆ ಮೇಲೇರಿದ್ದೂ, ಇಳಿದು ಓಡುವಾಗ ಹಿಂದೆ ಪ್ಯಾರಾಚೂಟ್ ಬಿಚ್ಚಿಕೊಂಡದ್ದೂ ನೆನಪಿದೆ. ಜೊತೆಗೆ, ವಿಮಾನ ನೆಲದ ಮೇಲೆ ನಿಂತಿದ್ದಾಗ ತೆಗೆದ, ಬಣ್ಣ ಮಾಸಿದ ಒಂದು ಫೋಟೋ ಇದೆ. ಅದರಲ್ಲಿ ಮೂಗಿನಿಂದ ಕಾಕ್‌ಪಿಟ್‌ವರೆಗಿನ ಭಾಗ ಮಾತ್ರ ಸ್ಪಷ್ಟವಾಗಿದ್ದು, ಬಾಲ ಜನರ ಮರೆಯಲ್ಲಿದೆ.

ಕಿಟ್ ಹುಡುಕಲು ಹೊರಟರೆ ಎಫ್-13, ಪಿಎಫ್, ಪಿಎಫ್‌ಎಮ್, ಎಮ್‌ಎಫ್, ಬಿಸ್ ಎಂದು ಆವೃತ್ತಿಗಳ ಸಾಲೇ ಎದುರಾಗುತ್ತದೆ. ಇಷ್ಟು ಸಾಕ್ಷ್ಯದಿಂದ ನಾನು ಕಂಡದ್ದು ಯಾವುದೆಂದು ಗುರುತಿಸಬಹುದೇ? 1/72, 1/48, 1/32 ಅಳತೆಗಳಲ್ಲಿ ಯಾವುದನ್ನು ಆರಿಸಲಿ? ಚಕ್ರಗಳ ಮೇಲೆ ನಿಲ್ಲಿಸುವುದೋ, ಹಾರುತ್ತಿರುವಂತೆ ತೋರಿಸುವುದೋ? ಕೊನೆಯದಾಗಿ, ಆ ಬೆಳ್ಳಿಯ ಹೊಳಪನ್ನು ತರುವ ಬಗೆ ಹೇಗೆ?

ಉಪ್ಪುಕಾಗದ:

ಆವೃತ್ತಿಯ ವಿಷಯವನ್ನು ಮೊದಲು ಇತ್ಯರ್ಥಪಡಿಸಿಕೊಳ್ಳಿ, ಏಕೆಂದರೆ ಉಳಿದೆಲ್ಲವನ್ನೂ ಆಮೇಲೆ ಬದಲಿಸಬಹುದು, ಕೊಂಡ ಕಿಟ್ಟನ್ನು ಬದಲಿಸುವುದು ಕಷ್ಟ. ಮಿಗ್-21 ಸೋವಿಯತ್ ಕಾರ್ಖಾನೆಗಳಲ್ಲಿ 1959ರಿಂದ 1985ರವರೆಗೆ ತಯಾರಾಯಿತು. 10,000ಕ್ಕೂ ಹೆಚ್ಚು ವಿಮಾನಗಳು ಹೊರಬಂದ ಆ ಅವಧಿಯಲ್ಲಿ ಮೈಕಟ್ಟು ಎಷ್ಟು ಬದಲಾಯಿತೆಂದರೆ, ಮೊದಲಿನದನ್ನೂ ಕೊನೆಯದನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ರೆಕ್ಕೆಯೊಂದನ್ನು ಬಿಟ್ಟು ಬೇರೆ ಹೋಲಿಕೆ ಸುಲಭವಾಗಿ ಕಾಣುವುದಿಲ್ಲ. ಅದೃಷ್ಟವಶಾತ್ ನಿಮ್ಮ ಫೋಟೋದಲ್ಲಿ ಉಳಿದಿರುವುದು ಹೆಚ್ಚಿನ ಸುಳಿವುಗಳಿರುವ ಭಾಗವೇ.

ಮೂಗಿನಿಂದ ಮುಂದಕ್ಕೆ ಚಾಚಿಕೊಂಡಿರುವ ಉದ್ದನೆಯ ಪಿಟೋ ಕೊಳವೆಯನ್ನು, ಅಂದರೆ ಹಾರಾಟದ ವೇಗ ಅಳೆಯುವ ಕೊಳವೆಯನ್ನು, ಭೂತಗನ್ನಡಿಯಲ್ಲಿ ನೋಡಿ. ಅದು ಗಾಳಿದ್ವಾರದ ಕೆಳಗಿದ್ದರೆ ವಿಮಾನ ಎಫ್-13. ಮೇಲ್ಭಾಗದ ಸರಿಯಾದ ನಡುವಿನಲ್ಲಿದ್ದರೆ ಪಿಎಫ್ ಅಥವಾ ಪಿಎಫ್‌ಎಮ್. ಮೇಲೆಯೇ ಇದ್ದರೂ ಪೈಲಟ್‌ನ ಬಲಕ್ಕೆ ಸರಿದಿದ್ದರೆ ಎಮ್‌ಎಫ್, ಬಿಸ್ ಮೊದಲಾದ ಅನಂತರದವು. ಕ್ಯಾನಪಿ, ಅಂದರೆ ಕಾಕ್‌ಪಿಟ್‌ನ ಗಾಜಿನ ಮುಚ್ಚಳ, ತೆರೆದಿದ್ದರೆ ಇನ್ನೊಂದು ಸಾಕ್ಷ್ಯ ಸಿಗುತ್ತದೆ: ಎಫ್-13ರಲ್ಲೂ ಪಿಎಫ್‌ನಲ್ಲೂ ಇಡೀ ಗಾಜಿನ ಕವಚ ಮುಂದಿನ ಕೀಲಿನ ಮೇಲೆ ಏಳುತ್ತದೆ, ಪಿಎಫ್‌ಎಮ್‌ನಿಂದ ಈಚೆಗೆ ಮುಂಗಾಜು ಪ್ರತ್ಯೇಕವಾಗಿ ನಿಂತು ಉಳಿದ ಭಾಗ ಬಲಪಕ್ಕಕ್ಕೆ ತೆರೆದುಕೊಳ್ಳುತ್ತದೆ.

ಪ್ಯಾರಾಚೂಟಿನ ನೆನಪನ್ನೂ ಅಲಕ್ಷಿಸಬೇಡಿ. ಎಫ್-13ರಲ್ಲಿ ಅದು ಒಡಲಿನ ಹಿಂಭಾಗದ ಅಡಿಯಿಂದ ಬಿಚ್ಚಿಕೊಳ್ಳುತ್ತಿತ್ತು. ಪಿಎಫ್‌ಎಮ್ ಮತ್ತು ಅನಂತರದವುಗಳಲ್ಲಿ ಲಂಬ ಬಾಲದ ಬುಡದಲ್ಲಿ, ನಿಷ್ಕಾಸದ ಮೇಲ್ಗಡೆ, ಅದಕ್ಕೆಂದೇ ಮೊನಚಾದ ಗೂಡೊಂದಿದೆ. ಹಗ್ಗ ಎಲ್ಲಿಂದ ಹೊರಟಿತ್ತು ಎಂಬುದು ನೆನಪಾದರೆ ಅದೂ ಲೆಕ್ಕಕ್ಕೆ ಬರುತ್ತದೆ. ಆದರೆ ಬೆಳ್ಳಿಯ ಬಣ್ಣವನ್ನು ಮಾತ್ರ ಆವೃತ್ತಿಯ ಸಾಕ್ಷ್ಯವೆಂದು ಹಿಡಿಯಬೇಡಿ.

ಕೆಳನೋಟ:

ಆವೃತ್ತಿ ಮೊದಲು ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಪ್ರಶ್ನೆ ಕೇಳಿದವರ ನೆನಪಿನಲ್ಲಿ ಒಂದು ವಿಮಾನವಿಲ್ಲ, ಎರಡಿವೆ: ಆಕಾಶದಲ್ಲಿ ಕಂಡದ್ದೊಂದು, ನೆಲದ ಮೇಲೆ ನಿಂತದ್ದು ಇನ್ನೊಂದು. ಮಾದರಿಯಲ್ಲಿ ಎರಡನ್ನೂ ಬೆರೆಸಿದರೆ ಯಾವುದೂ ಆಗದ ವಸ್ತುವೊಂದು ತಯಾರಾಗುತ್ತದೆ. ಚಕ್ರಗಳ ಮೇಲೆ ನಿಂತ ವಿಮಾನದ ಬಾಲದಲ್ಲಿ ಕಿತ್ತಳೆ ಬೆಳಕು ಹೊತ್ತಿಸಿದ, ಕಾಕ್‌ಪಿಟ್ ಖಾಲಿ ಬಿಟ್ಟ ಮಾದರಿಗಳನ್ನು ನಾವೆಲ್ಲ ನೋಡಿಯೇ ಇದ್ದೇವೆ.

ಹಾರುವ ಭಂಗಿಯನ್ನು ಆರಿಸಿದರೆ ಹಲವು ನಿರ್ಧಾರಗಳು ತಾವಾಗಿಯೇ ಆಗುತ್ತವೆ. ಆಫ್ಟರ್‌ಬರ್ನರ್, ಅಂದರೆ ಹೆಚ್ಚಿನ ನೂಕುಬಲಕ್ಕಾಗಿ ನಿಷ್ಕಾಸದಲ್ಲಿ ಮತ್ತೆ ಇಂಧನ ಉರಿಸುವ ವ್ಯವಸ್ಥೆ, ಉರಿಯುವಾಗ ನಿಷ್ಕಾಸದ ಬಾಯಿ ಅಗಲವಾಗಿ ತೆರೆದಿರುತ್ತದೆ. ಅದಿಲ್ಲದೆ ಪೂರ್ಣ ಶಕ್ತಿಯಲ್ಲಿ ಹಾರುವಾಗ ಅದೇ ಬಾಯಿ ಕಿರಿದಾಗುತ್ತದೆ. ಹಾಗಾಗಿ ಬೆಂಕಿ ತೋರಿಸಬೇಕಿದ್ದರೆ ಕಿರಿದಾದ ನಾಜಲ್ ಅಂಟಿಸುವಂತಿಲ್ಲ. ಕಸರತ್ತಿನ ಪ್ರದರ್ಶನದಲ್ಲಿ ವಿಮಾನಗಳು ಹೊರೆಯಿಲ್ಲದೆ ಹಾರುವುದೇ ವಾಡಿಕೆಯಾದ್ದರಿಂದ ಕಿಟ್ಟಿನೊಂದಿಗೆ ಬರುವ ಬಾಂಬು, ಕ್ಷಿಪಣಿ, ಹೆಚ್ಚುವರಿ ಇಂಧನ ಟ್ಯಾಂಕುಗಳನ್ನು ಪೆಟ್ಟಿಗೆಯಲ್ಲೇ ಬಿಡಬಹುದು. ಚಕ್ರದ ಬಾಗಿಲುಗಳನ್ನು ಮುಚ್ಚಿ ಕೂರಿಸಬೇಕು. ಬಹುತೇಕ ಕಿಟ್‌ಗಳು ಅವುಗಳನ್ನು ತೆರೆದ ಸ್ಥಿತಿಗೆಂದು ರೂಪಿಸಿರುವುದರಿಂದ ಅಂಚುಗಳನ್ನು ಉಜ್ಜಿ ಹೊಂದಿಸುವ ಕೆಲಸ ಇದ್ದೇ ಇರುತ್ತದೆ. ಕಾಕ್‌ಪಿಟ್‌ನಲ್ಲಿ ಪೈಲಟ್ ಕೂರಬೇಕು. ಈಚಿನ ಎಷ್ಟೋ ಕಿಟ್‌ಗಳಲ್ಲಿ ಆ ಗೊಂಬೆಯೇ ಇರುವುದಿಲ್ಲ, ಬೇರೆಯಾಗಿ ತರಿಸಬೇಕಾಗುತ್ತದೆ. ನಿಷ್ಕಾಸದೊಳಗೆ ಪಾರದರ್ಶಕ ಅಕ್ರಿಲಿಕ್ ಕಡ್ಡಿಯೊಂದನ್ನು ತೂರಿಸಿ ಅದನ್ನೇ ಆಧಾರವಾಗಿ ಬಳಸುವುದು ಹಳೆಯ ಉಪಾಯ, ಮತ್ತು ಮೇಲೇರುವ ಭಂಗಿಗೆ ಅದಕ್ಕಿಂತ ಒಳ್ಳೆಯದು ನನಗೆ ತಿಳಿದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಪ್ರದರ್ಶನದಲ್ಲಿ ಮಗುವೊಂದು ವಿಮಾನವನ್ನು ನೋಡುವುದು ಕೆಳಗಿನಿಂದ. ನಾವೋ ಮೇಜಿನ ಮೇಲಿಟ್ಟು ಬೆನ್ನಿಗೆ ಬಣ್ಣ ಹಚ್ಚುತ್ತೇವೆ, ಹೊಟ್ಟೆಯ ಭಾಗದ ಜೋಡಣೆಯ ಗೆರೆಗಳನ್ನು ಯಾರು ನೋಡುತ್ತಾರೆಂದು ಬಿಟ್ಟುಬಿಡುತ್ತೇವೆ. ಹಾರುವ ಮಾದರಿಯನ್ನು ಕಣ್ಣಿನ ಮಟ್ಟಕ್ಕಿಂತ ಎತ್ತರದಲ್ಲಿಟ್ಟರೆ ಆ ಹೊಟ್ಟೆಯೇ ಮುಖವಾಗುತ್ತದೆ. ಆದ್ದರಿಂದ ಪುಟ್ಟಿ ತುಂಬಿ ಉಜ್ಜುವ ಶ್ರಮವನ್ನು ಅಲ್ಲಿಂದಲೇ ಆರಂಭಿಸಿ.

ಅಳತೆಯ ಲೆಕ್ಕ ಸರಳ. ಮಿಗ್-21ರ ರೆಕ್ಕೆಗಳ ಹರವು 7.15 ಮೀಟರ್, ಉದ್ದ, ಆವೃತ್ತಿಯನ್ನೂ ಪಿಟೋ ಕೊಳವೆಯನ್ನು ಸೇರಿಸುವುದನ್ನೂ ಅವಲಂಬಿಸಿ, ಹೆಚ್ಚುಕಡಿಮೆ 15 ಮೀಟರ್. 1/72ರಲ್ಲಿ ಮಾದರಿ ಸುಮಾರು 21 ಸೆಂಟಿಮೀಟರ್ ಉದ್ದವಿದ್ದು ರೆಕ್ಕೆಯ ಹರವು 10 ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. 1/48ರಲ್ಲಿ ಉದ್ದ 31, ಹರವು 15 ಸೆಂಟಿಮೀಟರ್. 1/32ರಲ್ಲಿ ಉದ್ದ 47ರ ಆಸುಪಾಸು. ಬಾಲ್ಯದಲ್ಲಿ ಬೃಹತ್ತಾಗಿ ಕಂಡ ವಿಮಾನವನ್ನು 1/72ರಲ್ಲಿ ಕಂಡಾಗ ಹಲವರಿಗೆ ನಿರಾಸೆಯಾಗುತ್ತದೆ, ಏಕೆಂದರೆ ಇದು ನಿಜಕ್ಕೂ ಚಿಕ್ಕ ವಿಮಾನ. ನನ್ನ ಮತ 1/48ಕ್ಕೆ. ಎಡುವಾರ್ಡ್ ಕಂಪನಿ ಆ ಅಳತೆಯಲ್ಲಿ ಪಿಎಫ್‌ನಿಂದ ಬಿಸ್‌ವರೆಗೆ ಹಲವು ಆವೃತ್ತಿಗಳನ್ನು ತಂದಿದೆ.

ಬೆಳ್ಳಿರೆಕ್ಕೆ:

ಇಬ್ಬರಿಗೂ ಧನ್ಯವಾದಗಳು. ಫೋಟೋವನ್ನು ಸ್ಕ್ಯಾನ್ ಮಾಡಿ ದೊಡ್ಡದಾಗಿಸಿ ನೋಡಿದೆ. ಕೊಳವೆ ಮೇಲ್ಗಡೆಯೇ ಇದೆ, ಪೈಲಟ್‌ನ ಬಲಕ್ಕೆ ಸರಿದಿರುವುದೂ ಸ್ಪಷ್ಟವಾಗಿದೆ. ಕ್ಯಾನಪಿ ಬಲಪಕ್ಕಕ್ಕೆ ತೆರೆದಿದೆ. ಹಾಗಾದರೆ ಎಮ್‌ಎಫ್ ಇಲ್ಲವೇ ಬಿಸ್ ಎನ್ನಬಹುದೇನೋ. ಪ್ಯಾರಾಚೂಟಿನ ಹಗ್ಗ ಎಲ್ಲಿಂದ ಹೊರಟಿತ್ತೆಂಬುದು ನೆನಪಿಗೆ ಬರುತ್ತಿಲ್ಲ. ಭಂಗಿಯ ವಿಷಯದಲ್ಲಿ ಮನಸ್ಸು ಹಾರಾಟದ ಕಡೆಗೇ ವಾಲುತ್ತಿದೆ. ಬಣ್ಣದ ಕುರಿತು ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ. ಫೋಟೋದಲ್ಲಿ ವಿಮಾನ ಬೆಳ್ಳಿಗಿಂತ ಹಳದಿ ಮಿಶ್ರಿತ ಬೂದಿಯಂತೆ ಕಾಣುತ್ತಿದೆ.

ಹೊಳಪುಪದರ:

ಹಳೆಯ ಬಣ್ಣದ ಫೋಟೋಗಳಲ್ಲಿ ಬಣ್ಣಗಳು ಒಂದೇ ಸಮನಾಗಿ ಮಾಸುವುದಿಲ್ಲ. ಒಂದು ಬಣ್ಣ ಬೇಗ ಇಳಿದು ಇನ್ನೊಂದು ಉಳಿಯುವುದರಿಂದ ಇಡೀ ಚಿತ್ರ ಹಳದಿಗೋ ಕೆಂಪಿಗೋ ತಿರುಗುತ್ತದೆ. ಆದ್ದರಿಂದ ಫೋಟೋವನ್ನು ಆಕಾರಕ್ಕೆ ನಂಬಿ, ಬಣ್ಣಕ್ಕೆ ನಂಬಬೇಡಿ. ಕಣ್ಣು ಕೋರೈಸುವ ನೆನಪನ್ನೂ ಪೂರ್ತಿ ನಂಬಬೇಕಾಗಿಲ್ಲ. ಸೇವೆಯಲ್ಲಿದ್ದ ಬೆಳ್ಳಿಯ ಮಿಗ್‌ಗಳ ಮೈ ಕನ್ನಡಿಯಂತೆ ಇರುತ್ತಿರಲಿಲ್ಲ, ಮಂಕಾದ ಅಲ್ಯೂಮಿನಿಯಮ್‌ನಂತಿರುತ್ತಿತ್ತು. ಕ್ರೋಮಿನ ಹೊಳಪು ಕೊಟ್ಟರೆ ಮಾದರಿ ಆಟಿಕೆಯಾಗುತ್ತದೆ.

ಲೋಹದ ಬಣ್ಣ ಯಾವ ದೋಷವನ್ನೂ ಮುಚ್ಚುವುದಿಲ್ಲ, ಇದ್ದ ಗೀರನ್ನು ಎತ್ತಿ ತೋರಿಸುತ್ತದೆ. ಜೋಡಣೆಯ ಗೆರೆಗಳನ್ನು 400ರಿಂದ ಆರಂಭಿಸಿ 2000ದವರೆಗಿನ ಉಪ್ಪುಕಾಗದದಲ್ಲಿ, ಕೊನೆಯ ಹಂತಗಳನ್ನು ನೀರು ಸೇರಿಸಿ, ಉಜ್ಜಬೇಕು. ಅನಂತರ ಹೊಳಪಿನ ಕಪ್ಪು ತಳಬಣ್ಣ ಹಾಕಿ ಚೆನ್ನಾಗಿ ಒಣಗಲು ಬಿಡಿ. ಆಲ್‌ಕ್ಲಾಡ್‌ನಂಥ ಲ್ಯಾಕರ್ ಲೋಹದ ಬಣ್ಣವನ್ನು ಅದರ ಮೇಲೆ ಏರ್‌ಬ್ರಷ್‌ನಿಂದ, ಒಂದೇ ಸಲ ದಪ್ಪವಾಗಿ ಹೊಡೆಯದೆ, ಮಂಜಿನಷ್ಟು ತೆಳುವಾಗಿ ಹಲವು ಸಲ ಹಾಕಬೇಕು. ಕೆಲವು ಹಲಗೆಗಳನ್ನು ಟೇಪಿನಿಂದ ಬೇರ್ಪಡಿಸಿ ಒಂದು ಛಾಯೆ ಗಾಢವಾಗಿಸಿದರೆ ಮೈಗೆ ಜೀವ ಬರುತ್ತದೆ. ಎಂಜಿನ್ನಿನ ಸುತ್ತಲಿನ ಹಿಂಭಾಗಕ್ಕೆ ಕಾವಿನ ಕಂದು ಛಾಯೆ ಒಪ್ಪುತ್ತದೆ. ಮೂಗಿನ ಶಂಕುವನ್ನೂ ಬಾಲದ ತುದಿಯನ್ನೂ ಬೆಳ್ಳಿ ಮಾಡಬೇಡಿ. ಶಂಕುವಿನೊಳಗೆ ರೇಡಾರ್ ಇರುತ್ತದೆ, ಬಾಲದ ತುದಿಯೊಳಗೆ ಆಂಟೆನಾಗಳಿರುತ್ತವೆ. ಅವನ್ನು ಮುಚ್ಚುವ ಭಾಗಗಳು ಲೋಹದವಲ್ಲ, ಹೆಚ್ಚಾಗಿ ಹಸಿರು ಬಣ್ಣದಲ್ಲಿರುತ್ತವೆ. ನಿಮ್ಮ ಫೋಟೋದಲ್ಲಿ ಶಂಕು ಮೈಗಿಂತ ಗಾಢವಾಗಿದೆಯೇ ನೋಡಿ.

ಡೆಕಾಲ್‌ಗಳನ್ನು, ಅಂದರೆ ಗುರುತು-ಸಂಖ್ಯೆಗಳ ತೆಳು ಅಂಟುಚಿತ್ರಗಳನ್ನು, ನಯವಾದ ಮೇಲ್ಮೈ ಮೇಲೆಯೇ ಕೂರಿಸಿ, ಇಲ್ಲದಿದ್ದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬಿಳಿಚಿಕೊಳ್ಳುತ್ತವೆ. ಕ್ಯಾನಪಿಗೆ ಸೂಪರ್ ಗ್ಲೂ ಬೇಡ. ಅದರ ಆವಿಯಿಂದ ಗಾಜು ಮಸುಕಾಗುತ್ತದೆ. ಅಲ್ಲಿಗೆ ಬಿಳಿಯ ಪಿವಿಎ ಗೋಂದು ಸಾಕು.

ಉಪ್ಪುಕಾಗದ:

ಕೊಳವೆ ಬಲಕ್ಕಿದ್ದು ಕ್ಯಾನಪಿ ಪಕ್ಕಕ್ಕೆ ತೆರೆದಿದ್ದರೆ ಎಫ್-13, ಪಿಎಫ್, ಪಿಎಫ್‌ಎಮ್ ಮೂರೂ ಹೊರಗುಳಿದವು, ಪ್ಯಾರಾಚೂಟಿನ ಪ್ರಶ್ನೆಯೂ ಇತ್ಯರ್ಥವಾಯಿತು. ಎಮ್‌ಎಫ್ ಮತ್ತು ಬಿಸ್ ನಡುವಿನ ವ್ಯತ್ಯಾಸವಿರುವುದು ಬೆನ್ನಿನಲ್ಲಿ. ಕಾಕ್‌ಪಿಟ್‌ನ ಹಿಂದಿನ ಉಬ್ಬು ಬಿಸ್‌ನಲ್ಲಿ ಹೆಚ್ಚು ದಪ್ಪವಾಗಿದ್ದು, ಇಂಧನವನ್ನು ಹೊತ್ತು ಬಾಲದವರೆಗೆ ತುಂಬಿಕೊಂಡಂತೆ ಸಾಗುತ್ತದೆ. ಎಮ್‌ಎಫ್‌ನಲ್ಲಿ ಅದು ತೆಳ್ಳಗಿರುತ್ತದೆ. ಫೋಟೋದಲ್ಲಿ ಕ್ಯಾನಪಿಯ ಹಿಂದೆ ಒಂದಿಷ್ಟು ಬೆನ್ನು ಕಂಡರೂ ಸಾಕು, ಎರಡೂ ಆವೃತ್ತಿಗಳ ಪಕ್ಕನೋಟದ ರೇಖಾಚಿತ್ರಗಳೊಂದಿಗೆ ಹೋಲಿಸಿ ನೋಡಬಹುದು. ಮೂಗಿನ ಪಕ್ಕದಲ್ಲಿ ಸಂಖ್ಯೆಯೇನಾದರೂ ಓದಲು ಬಂದರೆ ಇಷ್ಟೆಲ್ಲ ತರ್ಕವೇ ಬೇಡ, ಆ ಒಂದು ವಿಮಾನದ ಇತಿಹಾಸವನ್ನೇ ಹುಡುಕಬಹುದು.

ಹಾರಾಟದ ಭಂಗಿಯ ಪರವಾಗಿ ಇನ್ನೊಂದು ಅನುಕೂಲವನ್ನು ಯಾರೂ ಹೇಳಲಿಲ್ಲ. ಚಕ್ರಗಳ ಮೇಲೆ ನಿಲ್ಲಿಸುವುದಾದರೆ ಮುಂಭಾಗಕ್ಕೆ ತೂಕ ತುಂಬದಿದ್ದರೆ ಮಾದರಿ ಬಾಲದ ಮೇಲೆ ಕುಳಿತುಬಿಡುತ್ತದೆ, ಅದಕ್ಕಾಗಿ ಶಂಕುವಿನೊಳಗೆ ಸೀಸದ ಚೂರುಗಳನ್ನು ಒಡಲು ಮುಚ್ಚುವ ಮೊದಲೇ ಅಂಟಿಸಬೇಕು. ಕಡ್ಡಿಯ ಮೇಲೆ ಏರಿಸುವುದಾದರೆ ಆ ತೂಕ ಬೇಡವೇ ಬೇಡ. ಹಾಕಿದರೆ ಕಡ್ಡಿಯೇ ಬಾಗುತ್ತದೆ. ಹಾಗಾಗಿ ಒಡಲಿನ ಎರಡು ಹೋಳುಗಳಿಗೆ ಅಂಟು ಹಚ್ಚುವ ಮೊದಲು ಭಂಗಿಯನ್ನು ಖಚಿತಪಡಿಸಿಕೊಳ್ಳಿ, ಬೆನ್ನು ಕಾಣುವಂತೆ ಫೋಟೋದ ಸ್ಕ್ಯಾನನ್ನು ಇಲ್ಲಿ ಹಾಕಿ.